ಗಾಡಿ ಮಾರಿದ್ದಾಯಿತು, ಆರ್‌ಸಿ ಯಾರ ಹೆಸರಲ್ಲಿದೆ?

ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ಕಾರಿಗೆ ಬೆಲೆ ಕಟ್ಟಲು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ನಾಲ್ಕು ಪ್ರಶ್ನೆ ಸಾಕು. ಯಾವ ಮಾಡೆಲ್? ಎಷ್ಟು ಓಡಿದೆ? ಎಷ್ಟನೇ ಓನರ್? ಇನ್ಶೂರೆನ್ಸ್ ಎಲ್ಲೀವರೆಗಿದೆ? ಆಮೇಲೆ ಬರುವುದು ಪ್ರಶ್ನೆಯಲ್ಲ, ಇತ್ಯರ್ಥ: ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ ಹೇಳಿ ಸಾರ್.’ ಆಯಿಲ್ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿದೆಯೇ, ರೇಡಿಯೇಟರಿಗೆ ಕೂಲಂಟ್ ಹಾಕುತ್ತಿದ್ದಿರೋ ನಲ್ಲಿ ನೀರು ಸುರಿದಿದ್ದಿರೋ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಡುವ ಚಟ ಮನೆಯಲ್ಲಿ ಯಾರಿಗಾದರೂ ಇತ್ತೋ ಎಂದು ಫೋನಿನಲ್ಲಿ ಕೇಳುವವರು ಸಿಗುವುದಿಲ್ಲ. ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎನ್ನುವುದಕ್ಕೆ ಈ ವ್ಯಾಪಾರದಲ್ಲಿ ಒಂದು ಕಾಲಂ ಇಲ್ಲ.

ನಮ್ಮದು 2011ರ ವ್ಯಾಗನ್ ಆರ್, ಮೈಸೂರಿನ ಕೆಎ–09 ನೋಂದಣಿ. 998 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವಂಥದ್ದು. ಅಪ್ಪ ವಿದ್ಯುತ್ ಇಲಾಖೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಬೋಲ್ಟು ಒಳಗೆ ಬಂದರೂ ಹೊರಗೆ ಹೋದರೂ ಬರೆದಿಡುವ ಆ ಕೆಲಸದ ಅಭ್ಯಾಸ ಮನೆಯ ಗಾಡಿಗೂ ತಗುಲಿತು. ಬ್ಯಾಂಕಿನವರು ವರ್ಷಾರಂಭಕ್ಕೆ ಕೊಡುವ ಡೈರಿಗಳಲ್ಲಿ ಪೆಟ್ರೋಲ್ ಹಾಕಿಸಿದ ದಿನ, ಲೀಟರು, ಆವತ್ತಿನ ಮೀಟರ್ ರೀಡಿಂಗು. ಯಾವ ಟೈರನ್ನು ಎಲ್ಲಿಂದ ಎಲ್ಲಿಗೆ ಬದಲಿಸಿದ್ದು. ಎಡಗಡೆ ಇಂಡಿಕೇಟರ್ ಬಲ್ಬಿನ ಬೆಲೆ. ಸರ್ವಿಸ್ ಬಿಲ್ಲುಗಳೆಲ್ಲ ಪಂಚ್ ಮಾಡಿದ ಒಂದು ಫೈಲಿನಲ್ಲಿ. ಗಾಡಿ ಮಾರೋಣ ಎಂದು ತೀರ್ಮಾನವಾದಾಗ ಅವರು ಮೊದಲು ಒರೆಸಿಟ್ಟದ್ದು ಕಾರನ್ನಲ್ಲ, ಆ ಫೈಲನ್ನು.

ಬಂದವರಲ್ಲಿ ಹೆಚ್ಚಿನವರು ಅದನ್ನು ತೆರೆಯಲೇ ಇಲ್ಲ. ಮೀಟರ್ ಎಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು. ಹದಿನಾಲ್ಕು ವರ್ಷಕ್ಕೆ ಇಷ್ಟೇನಾ ಎಂದು ಒಬ್ಬರು ಹುಬ್ಬೇರಿಸಿದರು. ಇನ್ನೊಬ್ಬರು ನೇರವಾಗಿಯೇ ಕೇಳಿದರು: ‘ಅಂಕಲ್, ಬೇಜಾರ್ ಮಾಡ್ಕೋಬೇಡಿ, ಮೀಟರ್ ತಿರುಗಿಸಿಲ್ಲ ತಾನೆ?’ ಅಪ್ಪನ ಮುಖ ನೋಡಬೇಕಿತ್ತು. ಆದರೆ ಕೇಳಿದವನದೂ ತಪ್ಪಲ್ಲ. ಈಗಿನ ಡಿಜಿಟಲ್ ಮೀಟರನ್ನೂ ಲ್ಯಾಪ್‌ಟಾಪ್ ಹಚ್ಚಿ ಹಿಂದಕ್ಕೆ ಓಡಿಸುವವರಿದ್ದಾರೆ. ಟ್ಯಾಕ್ಸಿಯಂತೆ ದುಡಿದ ಗಾಡಿ ನಿವೃತ್ತರ ಮನೆಯ ಗಾಡಿಯಾಗಿ ಮಾರಾಟವಾಗುವುದು ಎಲ್ಲ ಊರಿನ ಕಥೆ. ಮೋಸದ ಮೀಟರು ಹೇಳುವುದೂ ಎಪ್ಪತ್ತು ಸಾವಿರ, ನಿಜದ ಮೀಟರು ಹೇಳುವುದೂ ಎಪ್ಪತ್ತು ಸಾವಿರ. ಕೊಳ್ಳುವವನು ಎರಡಕ್ಕೂ ಒಂದೇ ರೇಟು ಹೇಳುತ್ತಾನೆ.

ಈ ಪೇಚಿನ ಮೇಲೆ ಒಬ್ಬರಿಗೆ ನೊಬೆಲ್ ಬಂದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಹದಿಮೂರು ಪುಟಗಳ ಆಸುಪಾಸಿನ ಪುಟ್ಟ ಲೇಖನ ಶುರುವಾಗುವುದೇ ಹಳೆಯ ಕಾರಿನ ವ್ಯಾಪಾರದಿಂದ. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಲ್ಲದೆ ಮನೆಗೆ ಹೋಗುತ್ತಾನೆ, ಕೆಟ್ಟ ಗಾಡಿಯವನು ಖುಷಿಯಿಂದ ಉಳಿಯುತ್ತಾನೆ. ಉಳಿದ ಗಾಡಿಗಳೆಲ್ಲ ಕೆಟ್ಟವೇ ಆದಾಗ ಬೆಲೆ ಇನ್ನಷ್ಟು ಇಳಿಯುತ್ತದೆ. ಮೂರು ಪತ್ರಿಕೆಗಳು ಇದನ್ನು ವಾಪಸು ಕಳಿಸಿದ್ದವು. 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಇನ್ನಿಬ್ಬರ ಜೊತೆ ಹಂಚಿಕೆಯಲ್ಲಿ.

ಅಕರ್‌ಲಾಫ್ 1967–68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷ ಕಳೆದವರು. ಲೇಖನದ ಒಂದು ಭಾಗ ನಮ್ಮ ದೇಶದ ಸಾಲದ ವ್ಯವಹಾರದ ಬಗ್ಗೆಯೇ ಇದೆ. ಊರಿನ ಲೇವಾದೇವಿಗಾರ ಸಾಲ ಕೊಡಬಲ್ಲ, ಹೊರಗಿನವನು ಕೊಡಲಾರ, ಏಕೆಂದರೆ ಯಾರು ತೀರಿಸುವವರು ಯಾರು ಕೈ ಎತ್ತುವವರು ಎಂಬುದು ಊರಿನವನಿಗೆ ಗೊತ್ತು. ಲೇಖನವನ್ನು ಉಲ್ಲೇಖಿಸುವವರೆಲ್ಲ ಕಾರಿನ ಮಾತಾಡುತ್ತಾರೆ, ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಕಾರು ಮಾರುವವರಿಗೆ ಬೇಕಾದ ಉತ್ತರ ಇರುವುದು ಅಲ್ಲಿಯೇ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಆರೈಕೆಗೆ ಬೆಲೆ ಕೊಡಬಲ್ಲವನು ನಿಮ್ಮನ್ನು ಬಲ್ಲವನು, ಇಲ್ಲವೇ ನಿಮ್ಮನ್ನು ಬಲ್ಲವನನ್ನು ಬಲ್ಲವನು.

ರೇಟು ಎಲ್ಲಿ ಹುಟ್ಟುತ್ತದೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳಿದರೆ ಮುಗಿಯಿತು, ಮಾಲೀಕ ಬೂಸಾ ಎಷ್ಟು ಹಾಕಿದ್ದ ಎಂಬ ಲೆಕ್ಕ ಯಾರಿಗೂ ಬೇಡ. ಕಾರಿನ ಬ್ರೋಕರುಗಳದ್ದೂ ಅದೇ ಧಾಟಿ, ಟವೆಲಿನ ಬದಲು ಮೊಬೈಲು.

ಮೊದಲು ವರ್ಷ. ತಯಾರಾದ ವರ್ಷ ಬೇರೆ, ನೋಂದಣಿಯಾದ ವರ್ಷ ಬೇರೆ ಇದ್ದರೆ ಹಳೆಯದ್ದನ್ನೇ ಹಿಡಿಯುತ್ತಾರೆ. ಡಿಸೆಂಬರ್ 31ರ ರಾತ್ರಿ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಗಾಡಿಗೂ ಬೆಳಗಾಗುವಷ್ಟರಲ್ಲಿ ಒಂದು ವರ್ಷ ಜಾಸ್ತಿ. ಹಾಗಾಗಿ ಮಾರುವವರು ದಸರಾ–ದೀಪಾವಳಿಯ ಹೊತ್ತಿಗೆ ಮುಗಿಸಿಬಿಡುವುದು ಲೇಸು. ಆಷಾಢದಲ್ಲಿ ಜನ ಬಂದು ನೋಡುತ್ತಾರೆ, ಅಡ್ವಾನ್ಸ್ ಕೊಡುವುದಿಲ್ಲ. ನಂಬರ್ ಪ್ಲೇಟಿನ ಅಂಕಿ ಕೂಡಿ ಎಂಟು ಬಂದರೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮನೆಯಲ್ಲಿ ಕೇಳಿ ಹೇಳ್ತೀನಿ ಎಂದು ಹೋದವರು ಹೋದವರೇ. ಒಂಬತ್ತು ಬಂದರೆ ಸಣ್ಣಪುಟ್ಟ ಗೀರು ಕಣ್ಣಿಗೇ ಬೀಳುವುದಿಲ್ಲ. ಎಂಜಿನ್ನಿಗೆ ಈ ಸಂಖ್ಯಾಶಾಸ್ತ್ರ ಗೊತ್ತಿಲ್ಲದಿರುವುದು ಪುಣ್ಯ.

ಎರಡನೆಯದು ಹೊಸ ಕಾರಿನ ಬೆಲೆ. ಹಳೆಯ ಗಾಡಿಯ ರೇಟು ಅದರ ಬಾಲಕ್ಕೆ ಕಟ್ಟಿಕೊಂಡಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೇಲಿನ ಸೆಸ್ ಕೂಡ ಹೋಯಿತು. ಹೊಸದು ಕೊಳ್ಳುವವರಿಗೆ ಅದು ನವರಾತ್ರಿಯ ಉಡುಗೊರೆ. ಅದೇ ವಾರ ಹಳೆಯದು ಮಾರಲು ಹೊರಟ ಮನೆಗಳಲ್ಲಿ ‘ಹೊಸದೇ ಕಮ್ಮಿಯಾಗಿದೆಯಲ್ಲ ಸಾರ್’ ಎಂಬ ಒಂದೇ ಮಾತಿಗೆ ಹತ್ತಾರು ಸಾವಿರ ಕರಗಿತು. ನಮ್ಮ ಮನೆಯೂ ಅದರಲ್ಲೊಂದು.

ಮೂರನೆಯದು ಹದಿನೈದು ವರ್ಷದ ಗಡಿ. ಸ್ವಂತ ಬಳಕೆಯ ಕಾರಿನ ಆರ್‌ಸಿ ನೋಂದಣಿಯ ದಿನದಿಂದ 15 ವರ್ಷ ಊರ್ಜಿತ. ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಜನರ ಬಾಯಲ್ಲಿ ಇದು ‘ಎಫ್‌ಸಿ ಮಾಡಿಸೋದು’. 2022ರ ಏಪ್ರಿಲ್‌ನಿಂದ ಕಾರಿನ ಮೊದಲ ನವೀಕರಣದ ಶುಲ್ಕವೇ 5,000 ರೂಪಾಯಿ, ಜೊತೆಗೆ ಹಸಿರು ತೆರಿಗೆ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧದ ಸುದ್ದಿ ಕೇಳಿ ಇಲ್ಲಿಯೂ ಗಾಡಿ ಗುಜರಿಗೇ ಎಂದು ಗಾಬರಿಯಾಗುವವರಿದ್ದಾರೆ. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ಆದರೂ ಗಡಿಗೆ ಒಂದು ವರ್ಷವಷ್ಟೇ ಬಾಕಿಯಿರುವ ಗಾಡಿ ಎಂದರೆ ಬ್ರೋಕರಿಗೆ ಅದೊಂದು ಅಸ್ತ್ರ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಗಾಡಿಗೆ ನಮೂದಿಸಿದ ಮೌಲ್ಯ, ಅಂದರೆ ಐಡಿವಿ ತೋರಿಸಿ ‘ಕಂಪನಿಯೇ ಇಷ್ಟು ಬೆಲೆ ಕಟ್ಟಿದೆ ನೋಡಿ’ ಎನ್ನುವುದು ಇನ್ನೊಂದು ಪಟ್ಟು. ಐದು ವರ್ಷದೊಳಗಿನ ಗಾಡಿಗೆ ಐಡಿವಿ ಹೊರಡುವುದು ಒಂದು ಕೋಷ್ಟಕದಿಂದ: ಆರು ತಿಂಗಳಿಗೆ ಶೇ 5, ವರ್ಷಕ್ಕೆ 15, ಹೀಗೆ ಕಳೆಯುತ್ತ ನಾಲ್ಕು ದಾಟಿ ಐದನೇ ವರ್ಷ ಮುಗಿಯುವವರೆಗೆ ಶೇ 50. ಅದರಾಚೆಗಿನದು ಕಂಪನಿಯೂ ನೀವೂ ಒಪ್ಪಿಕೊಂಡ ಒಂದು ಅಂಕಿಯಷ್ಟೇ. ಪ್ರೀಮಿಯಂ ಕಡಿಮೆಯಾಗಲಿ ಎಂದು ನೀವೇ ಇಳಿಸಿಕೊಂಡಿರುವ ಐಡಿವಿ ಮಾರುವ ದಿನ ನಿಮ್ಮ ಮುಂದೆಯೇ ಬಂದು ಕೂರುತ್ತದೆ.

ಕೆಲವು ಗಾಡಿಗಳು ಮಾತ್ರ ಈ ಲೆಕ್ಕಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ 2000ದಲ್ಲಿ ಬಂದು 2005ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ಇನ್ನೋವಾ ಬಂತು. ನಿಂತು ಇಷ್ಟು ಕಾಲವಾದರೂ ಚೆನ್ನಾಗಿರುವ ಕ್ವಾಲಿಸ್ ಇದೆ ಎಂದು ಬಾಯಿಬಿಟ್ಟರೆ ಮಲೆನಾಡಿನ ಎಸ್ಟೇಟುಗಳಿಂದ ವಿಚಾರಿಸಿಕೊಂಡು ಬರುತ್ತಾರೆ. ವ್ಯಾಗನ್ ಆರ್‌ಗೆ ಅಷ್ಟು ಗತ್ತಿಲ್ಲ. ಕೇಳುವವರು ಬಹಳ, ಕೊಡುವವರ ಕೈ ಬಿಗಿ.

ಯಾರಿಗೆ ಮಾರುವುದು

ಹೊಸ ಕಾರಿನ ಶೋರೂಮಿನಲ್ಲಿ ಎಕ್ಸ್‌ಚೇಂಜ್‌ಗೆ ಹಾಕುವುದು ಎಲ್ಲಕ್ಕಿಂತ ಸಲೀಸು. ಹೊಸದರ ಕೀಲಿ ಕೈಗೆ ಬರುವ ಸಂಭ್ರಮದಲ್ಲಿ ಹಳೆಯದರ ಬೆಲೆ ಯಾರೂ ಸರಿಯಾಗಿ ಕೇಳುವುದಿಲ್ಲ; ‘ಎಕ್ಸ್‌ಚೇಂಜ್ ಬೋನಸ್’ ಎಂದು ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ಕಳೆದಿರುತ್ತಾರೆ. ಆ್ಯಪ್‌ಗಳ ದಾರಿಯಲ್ಲಿ ಮನೆಗೇ ಬರುತ್ತಾರೆ, ನೂರಾರು ಫೋಟೊ ಹೊಡೆಯುತ್ತಾರೆ, ಸಂಜೆಯೊಳಗೆ ಡೀಲರುಗಳ ಹರಾಜಿಗೆ ಹಾಕುತ್ತಾರೆ. ನಮ್ಮಲ್ಲಿಗೂ ಒಬ್ಬ ಹುಡುಗ ಬಂದಿದ್ದ. ಸಭ್ಯ, ಕೆಲಸದಲ್ಲಿ ಚುರುಕು. ಬೆಳಗ್ಗೆ ಪರದೆಯ ಮೇಲಿದ್ದ ಮೊತ್ತ ಮಧ್ಯಾಹ್ನ ತಪಾಸಣೆಯ ನಂತರ ಇಳಿಯಿತು, ಸಂಜೆ ಮತ್ತೊಮ್ಮೆ ಇಳಿಯಿತು. ಕಾರಣಗಳ ಪಟ್ಟಿಯಲ್ಲಿ ‘ಹಿಂದಿನ ಬಾಗಿಲಲ್ಲಿ ಗೀರು’ ಇತ್ತು. ಅಪ್ಪನ ಫೈಲನ್ನು ಸ್ಕ್ಯಾನ್ ಮಾಡಲು ಆ್ಯಪ್‌ನಲ್ಲಿ ಜಾಗವಿರಲಿಲ್ಲ. ಆ ಹುಡುಗನೇ ಹೇಳಿದ: ‘ಹಾಕೋಕೆ ಆಪ್ಷನ್ನೇ ಇಲ್ಲ ಅಂಕಲ್.’

ಈ ಎರಡು ದಾರಿಗೂ ಒಂದು ಸಮರ್ಥನೆಯಿದೆ: ಸಮಯ ಉಳಿಯುತ್ತದೆ, ಅಪರಿಚಿತ ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಮನೆ ಬಾಗಿಲಿಗೆ ಬರುವುದಿಲ್ಲ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಇಬ್ಬರೇ ವಯಸ್ಸಾದವರಿರುವ ಮನೆಯಾದರೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಗಾಡಿಯನ್ನು ಒಪ್ಪವಾಗಿ ಇಟ್ಟುಕೊಂಡವರು ಹೋಗಬೇಕಾದ್ದು ಮೊದಲು ಗ್ಯಾರೇಜಿಗೆ. ಬನ್ನಿಮಂಟಪದ ಕಡೆ ಇರುವ ನಮ್ಮ ಮೆಕ್ಯಾನಿಕ್‌ಗೆ ಈ ಗಾಡಿಯ ಕ್ಲಚ್ ಪ್ಲೇಟ್ ಯಾವಾಗ ಬದಲಾಯಿತು ಎಂಬುದು ಡೈರಿ ನೋಡದೆಯೂ ಗೊತ್ತು, ಬದಲಿಸಿದ್ದೇ ಅವರು. ಅವರ ಬಳಿಗೆ ಬರುವ ಗಿರಾಕಿಗಳಲ್ಲಿ ‘ಒಂದು ಒಳ್ಳೆ ಗಾಡಿ ಇದ್ರೆ ಹೇಳಣ್ಣ’ ಎಂದು ಹೇಳಿಟ್ಟವರು ಸದಾ ಇಬ್ಬರು ಮೂವರಿರುತ್ತಾರೆ. ಕೆಟ್ಟ ಗಾಡಿ ಕೊಡಿಸಿದರೆ ಆ ಗಿರಾಕಿ ನಾಳೆ ಬೈಯಲು ಬರುವುದೂ ಅದೇ ಗ್ಯಾರೇಜಿಗೆ. ಅಕರ್‌ಲಾಫ್ ಹೇಳಿದ ಊರಿನವನು ಇವರೇ.

ಬಲ್ಲವರು ನೋಡುವ ರೀತಿ

ಗೊತ್ತಿರುವವರು ಗಾಡಿ ನೋಡುವುದನ್ನು ನೋಡುವುದೇ ಒಂದು ಖುಷಿ. ಬರುವ ಮುಂಚೆ ಫೋನ್ ಮಾಡಿ ‘ಸ್ಟಾರ್ಟ್ ಮಾಡಿಡಬೇಡಿ’ ಎನ್ನುತ್ತಾರೆ. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ ನಿಜ ಹೇಳುತ್ತದೆ. ಬಿಸಿಯಾದ ಎಂಜಿನ್ ಬಹಳಷ್ಟನ್ನು ಮುಚ್ಚಿಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬೆಳಗ್ಗೆ ಒಂದೆರಡು ನಿಮಿಷ ಬಂದು ಹೋದರೆ ಬರೀ ಆವಿ, ನಿಲ್ಲದೇ ಬಂದರೆ ಕೂಲಂಟ್ ಒಳಗೆ ಸೇರುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಮೈ ನೋಡುತ್ತಾರೆ. ಕಪ್ಪು ಜಿಡ್ಡು ಗಟ್ಟಿಯಾಗಿ ಅಂಟಿದ್ದರೆ ಸರ್ವಿಸ್ ತಪ್ಪಿಸಿದ ಗಾಡಿ.

ಆಮೇಲೆ ಕಿಟಕಿಯ ಗಾಜುಗಳು. ಪ್ರತಿ ಗಾಜಿನ ಮೂಲೆಯಲ್ಲಿ ತಯಾರಿಯ ಕಾಲ ಸೂಚಿಸುವ ಪುಟ್ಟ ಗುರುತಿರುತ್ತದೆ. ಎಲ್ಲವೂ ಒಂದೇ ಕಾಲದ್ದಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಕಡೆ ಏನೋ ಆಗಿದೆ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟುಗಳ ತಲೆ ನೋಡುತ್ತಾರೆ: ಪೇಂಟ್ ಎದ್ದಿದ್ದರೆ ಅದನ್ನು ಬಿಚ್ಚಿ ಟಿಂಕರಿಂಗ್ ಮಾಡಿಸಿದ್ದಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ; 3519 ಎಂದಿದ್ದರೆ 2019ರ 35ನೇ ವಾರದ್ದು. ನಮ್ಮಂತೆ ಕಡಿಮೆ ಓಡಿಸುವವರ ಗಾಡಿಯಲ್ಲಿ ಟೈರಿನ ಗೆರೆ ಆಳವಾಗಿಯೇ ಉಳಿದಿದ್ದು ರಬ್ಬರ್ ಬಿರುಕುಬಿಟ್ಟಿರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ತುದಿ ಮುಟ್ಟಿ ನೋಡಿದ ಒಬ್ಬರು ನಮ್ಮಲ್ಲಿಗೆ ಬಂದಿದ್ದರು. ನೆರೆನೀರಿನಲ್ಲಿ ಮುಳುಗಿದ್ದ ಗಾಡಿಯ ಸೀಟು, ಕಾರ್ಪೆಟ್ ಎಲ್ಲ ತೊಳೆಯುತ್ತಾರೆ, ಸುತ್ತಿಕೊಂಡು ಒಳಗೇ ಇರುವ ಬೆಲ್ಟಿನ ಕೊನೆಯಲ್ಲಿ ಕೆಸರು ಹಾಗೆಯೇ ಉಳಿದಿರುತ್ತದಂತೆ. ಬೆಂಗಳೂರಿನ ಬೇಸ್‌ಮೆಂಟುಗಳಿಗೆ ಮಳೆನೀರು ನುಗ್ಗಿದ ವರ್ಷಗಳ ನಂತರ ಈ ಪರೀಕ್ಷೆ ಜಾಸ್ತಿಯಾಗಿದೆ.

ಮೀಟರಿನ ನಿಜಸುಳ್ಳಿಗೆ ಪೆಡಲಿನ ರಬ್ಬರ್ ಸಾಕ್ಷಿ. ಎಪ್ಪತ್ತು ಸಾವಿರಕ್ಕೆ ಅದರ ಗೆರೆಗಳು ಉಳಿದಿರಬೇಕು. ನುಣ್ಣಗಾಗಿದ್ದರೆ ಸುಳ್ಳು, ಹೊಚ್ಚಹೊಸದಾಗಿದ್ದರೆ ದೊಡ್ಡ ಸುಳ್ಳು.

ಗಾಡಿ ಎಲ್ಲಿ ಬಾಳಿತು ಎಂಬುದೂ ಮುಖ್ಯ. ಮಂಗಳೂರು, ಉಡುಪಿಯ ಗಾಡಿಯಾದರೆ ಅಡಿ ಮಲಗಿ ತುಕ್ಕು ನೋಡಬೇಕು. ಉಪ್ಪುಗಾಳಿ ಸೈಲೆನ್ಸರನ್ನೂ ಬಾಗಿಲ ಅಡಿಯನ್ನೂ ತಿನ್ನುತ್ತದೆ. ಶಿರಸಿ, ತೀರ್ಥಹಳ್ಳಿ ಕಡೆಯದಾದರೆ ಮ್ಯಾಟ್ ಎತ್ತಿ ಮೂಸಿ ನೋಡಬೇಕು, ಮಳೆಗಾಲದ ತೇವ ಅಲ್ಲೇ ಕೂತಿರುತ್ತದೆ. ವೈಪರ್ ಕೆಳಗಿನ ಕಾಲುವೆಯಲ್ಲಿ ಮರದ ಎಲೆ ಕೊಳೆತು ನೀರು ಒಳಗಿಳಿದಿರುವುದೂ ಉಂಟು. ಬಳ್ಳಾರಿ, ಕಲಬುರಗಿಯ ಬಿಸಿಲಿಗೆ ಡ್ಯಾಶ್‌ಬೋರ್ಡು, ಬಾಗಿಲ ರಬ್ಬರು ಒಣಗುತ್ತವೆ, ಎಸಿ ದುಡಿದು ಸುಸ್ತಾಗಿರುತ್ತದೆ. ಬೆಂಗಳೂರಿನ ಗಾಡಿ ಕಡಿಮೆ ಓಡಿದ್ದರೂ ಕ್ಲಚ್ ಸವೆದಿರುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಹೋದ ಹೊತ್ತನ್ನು ಮೀಟರ್ ಬರೆದುಕೊಳ್ಳುವುದಿಲ್ಲವಲ್ಲ. ಅಪಾರ್ಟ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತಿದ್ದರೆ ಇಲಿ ಕಡಿದ ವೈರು. ಈ ಲೆಕ್ಕದಲ್ಲಿ ಮೈಸೂರಿನ ಗಾಡಿ ಎಂದರೆ ಬ್ರೋಕರುಗಳೂ ಸ್ವಲ್ಪ ಮೆತ್ತಗಾಗುತ್ತಾರೆ. ಅದನ್ನು ರೇಟಿನಲ್ಲಿ ತೋರಿಸುವುದಿಲ್ಲ, ಅಷ್ಟೇ.

ಮಾರುವ ಮುಂಚೆ ಬಂಪರಿಗೆ ಪೇಂಟ್ ಹೊಡೆಸಿ, ಪಾಲಿಶ್ ಮಾಡಿಸೋಣ ಎಂದು ಮನೆಯಲ್ಲಿ ಮಾತು ಬಂತು. ಮೆಕ್ಯಾನಿಕ್ ಬೇಡ ಎಂದರು. ‘ಹೊಸ ಪೇಂಟ್ ಕಂಡ್ರೆ ಗುದ್ದಿರೋ ಗಾಡಿ ಅಂತಾರೆ ಸಾರ್. ಗೀರು ಗೀರಾಗೇ ಇರಲಿ.’ ಅವರು ಮಾಡಿಸಿದ್ದು ಆಯಿಲ್ ಮತ್ತು ಫಿಲ್ಟರ್, ವ್ಹೀಲ್ ಅಲೈನ್‌ಮೆಂಟ್, ಹೊಸ ವೈಪರ್ ಬ್ಲೇಡು, ಎಮಿಷನ್ ಟೆಸ್ಟ್. ಬ್ಯಾಟರಿ ಸೊರಗಿತ್ತು, ಬದಲಿಸಿದೆವು. ಟ್ರಯಲ್ ನೋಡಲು ಬಂದವರೆದುರು ಸೆಲ್ಫ್ ಎಳೆದಾಡಿದರೆ ಬ್ಯಾಟರಿಯ ಬೆಲೆಯ ನಾಲ್ಕರಷ್ಟು ರೇಟು ಬೀಳುತ್ತದೆ. ಸ್ಟೆಪ್ನಿ, ಜಾಕಿ, ಎರಡನೇ ಕೀಲಿ ಎಲ್ಲ ಇದ್ದವು. ಎರಡನೇ ಕೀಲಿ ಕಳೆದುಕೊಂಡಿಲ್ಲದ ಮನೆ ಎಂದರೆ ಕೊಳ್ಳುವವರಿಗೆ ಏನೋ ಒಂದು ನಂಬಿಕೆ.

ಒಳಗಡೆ ಆಯುಧಪೂಜೆಯ ಕುಂಕುಮ ಸ್ಟೀರಿಂಗಿನ ಹೊಲಿಗೆಯಲ್ಲಿ ಕೆಂಪಗೆ ಸೇರಿಕೊಂಡಿತ್ತು. ತೊಳೆದರೂ ಹೋಗಲಿಲ್ಲ. ಅದಕ್ಕೆ ಯಾರೂ ಚೌಕಾಸಿ ಮಾಡಲಿಲ್ಲ.

ಸಹಿ ಹಾಕುವ ಮುನ್ನ

ಬೆಲೆಯ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವವರು ಅದಕ್ಕಿಂತ ದೊಡ್ಡ ವಿಷಯದಲ್ಲಿ ಉದಾಸೀನ. ‘ಫಾರಂಗೆ ಸಹಿ ಹಾಕಿಕೊಡಿ ಸಾರ್, ಟ್ರಾನ್ಸ್‌ಫರ್ ನಾವೇ ಮಾಡಿಸ್ಕೋತೀವಿ’ ಎಂದ ಕೂಡಲೇ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ಆರ್‌ಸಿ ಕೊಟ್ಟು, ಹಣ ಎಣಿಸಿಕೊಂಡು ಬಾಗಿಲು ಹಾಕುತ್ತಾರೆ. ಗಾಡಿ ಬ್ರೋಕರಿನಿಂದ ಇನ್ನೊಬ್ಬ ಬ್ರೋಕರಿಗೆ, ಅಲ್ಲಿಂದ ಎಲ್ಲಿಗೋ. ಪ್ರತಿ ಕೈಗೂ ಟ್ರಾನ್ಸ್‌ಫರ್ ಮಾಡಿಸಿದರೆ ಓನರ್ ಸಂಖ್ಯೆ ಏರಿ ಬೆಲೆ ಇಳಿಯುತ್ತದೆಂದು ಕೊನೆಯ ಗಿರಾಕಿ ಸಿಗುವವರೆಗೂ ಫಾರಂಗಳು ಖಾಲಿಯೇ ಇರುತ್ತವೆ. ಅಷ್ಟೂ ದಿನ ಸರ್ಕಾರದ ಪುಸ್ತಕದಲ್ಲಿ ಮಾಲೀಕರು ನೀವೇ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕ ಎಂದರೆ ನೋಂದಣಿ ಯಾರ ಹೆಸರಲ್ಲಿದೆಯೋ ಅವರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದ ಪ್ರಕರಣವೊಂದನ್ನು ಕಾರು ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. 2007ರಲ್ಲಿ ಒಬ್ಬರು ತಮ್ಮ ಕಾರು ಮಾರಿದರು. ಅದು ಒಬ್ಬರಿಂದ ಒಬ್ಬರಿಗೆ ಕೈ ದಾಟುತ್ತ ಹೋಯಿತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿಯಿತು. 2009ರಲ್ಲಿ ಆ ಕಾರು ಗುದ್ದಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದ ಮಾಲೀಕ ಯಾರು? ಎರಡು ವರ್ಷ ಹಿಂದೆಯೇ ಗಾಡಿ ಕೊಟ್ಟು ಕೈತೊಳೆದುಕೊಂಡಿದ್ದ, ನೋಂದಣಿಯಲ್ಲಿ ಹೆಸರಿದ್ದವರೇ ಎಂದಿತು ಕೋರ್ಟು. ಸಂತ್ರಸ್ತರು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಅದರ ತರ್ಕ. ನ್ಯಾಯವೇ. ಆದರೆ ಮಾರಿದವರ ಜಾಗದಲ್ಲಿ ನಿಂತು ನೋಡಿದರೆ ಒಂದು ಕ್ಷಣ ಬೆವರುತ್ತದೆ.

ಕಾಯ್ದೆಯ 50ನೇ ಸೆಕ್ಷನ್ ಹೇಳುವುದು ಸರಳ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಫಾರಂ 30 ಸಲ್ಲಿಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿ ಬೇಕು, ಅದನ್ನು ಸಲ್ಲಿಸಲು ಅವಧಿ 45 ದಿನ. ಸಾಲ ತೀರಿಸಿ ಹತ್ತು ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಎಚ್‌ಪಿ (ಅಡಮಾನ) ನಮೂದು ಹಾಗೆಯೇ ಉಳಿಸಿಕೊಂಡ ಮನೆಗಳು ಎಷ್ಟಿಲ್ಲ. ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಅದನ್ನು ತೆಗೆಸದೆ ಟ್ರಾನ್ಸ್‌ಫರ್ ಮುಂದೆ ಹೋಗುವುದಿಲ್ಲ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿರಬೇಕು. ಟ್ರಾಫಿಕ್ ದಂಡ ಬಾಕಿ ಇದ್ದರೆ ಕಟ್ಟಿಬಿಡಿ. 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ನಿಂತ ಸಾಲು ನೆನಪಿರಬಹುದು. ಗಾಡಿ ಮಾರಿ ಆರ್‌ಸಿ ತಮ್ಮ ಹೆಸರಲ್ಲೇ ಬಿಟ್ಟವರಿಗೆ ಬೇರೆಯವರು ಸಿಗ್ನಲ್ ಹಾರಿದ್ದಕ್ಕೂ ತಮ್ಮ ಮೊಬೈಲಿಗೇ ಸಂದೇಶ ಬರುತ್ತದೆ.

ಡೀಲರಿಗೆ ಮಾರುವವರಿಗೆ ಒಂದು ರಕ್ಷಣೆ ಬಂದಿದೆ, ಬಳಸುವವರು ಕಡಿಮೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ ಹಳೆಯ ವಾಹನದ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆದಿರಬೇಕು. ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದರೆ ಅಲ್ಲಿಂದಾಚೆಗೆ ಮಾಲೀಕರ ಹೊಣೆಯೆಲ್ಲ ಡೀಲರಿನದು. ಅವರು ಗಾಡಿಯನ್ನು ಟ್ರಯಲ್, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬೇಕು, ಹೋದಬಂದದ್ದಕ್ಕೆ ಲೆಕ್ಕ ಇಡಬೇಕು. ನಿಮ್ಮ ಡೀಲರ್ ಬಳಿ ಆ ಪತ್ರ ಇದೆಯೇ ಎಂದು ಕೇಳಿ ನೋಡಿ. ಮಾತು ಬೇರೆ ಕಡೆ ತಿರುಗಿದರೆ ನೀವೂ ಮನೆ ಕಡೆ ತಿರುಗಿ.

2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಜಿಎಸ್‌ಟಿ ಮಂಡಳಿ ಸಭೆಯ ನಂತರ ಇನ್ನೊಂದು ಗಾಬರಿ ಹಬ್ಬಿತ್ತು: ಹಳೆಯ ಕಾರು ಮಾರಿದರೆ ಶೇ 18 ತೆರಿಗೆಯಂತೆ! ಅದು ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಮೊತ್ತದ ಮೇಲೆ. ಮನೆಯವರು ಮನೆಯ ಗಾಡಿ ಮಾರಿದರೆ ಇಲ್ಲ. ಹಣ ಪಡೆಯುವಾಗ ಗಮನಿಸಬೇಕಾದ್ದು ಬೇರೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಪಡೆದಷ್ಟೇ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಕೀಲಿ ಕೊಟ್ಟ ದಿನದ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿದ ಡೆಲಿವರಿ ನೋಟ್ ಇಟ್ಟುಕೊಳ್ಳಿ. ಬೆಳಗ್ಗೆ ಹನ್ನೊಂದಕ್ಕೆ ಕೊಟ್ಟ ಗಾಡಿ ಮಧ್ಯಾಹ್ನವೇ ಯಾರಿಗಾದರೂ ಗುದ್ದಬಹುದು.

ಇನ್ಶೂರೆನ್ಸಿನ ಥರ್ಡ್ ಪಾರ್ಟಿ ಭಾಗ ಕೊಂಡವರಿಗೆ ತಾನಾಗಿ ವರ್ಗವಾದಂತೆ. ಗಾಡಿಗೇ ಆಗುವ ನಷ್ಟದ ಭಾಗ ಹಾಗಲ್ಲ, ಪಾಲಿಸಿಯಲ್ಲಿ ಹೆಸರು ಬದಲಾಗದೆ ಕ್ಲೇಮ್ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಕೊಂಡವರು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಮಾರಿದವರಿಗೂ ಒಂದು ಪಾಲಿದೆ: ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. ಐದು ವರ್ಷ ಕ್ಲೇಮ್ ಮಾಡದೆ ಕೂಡಿಸಿದ ಶೇ 50ರ ರಿಯಾಯಿತಿಯನ್ನು ಕಂಪನಿಯಿಂದ ಪತ್ರ ಪಡೆದು ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಒಯ್ಯಬಹುದು. ಹೊಸ ಕಾರಿನ ಪ್ರೀಮಿಯಂನಲ್ಲಿ ಅದು ಸಾವಿರಗಟ್ಟಲೆ ಉಳಿಸುತ್ತದೆ, ಹಳೆಯ ಗಾಡಿಗೆ ಚೌಕಾಸಿಯಲ್ಲಿ ಗಿಟ್ಟಿಸಿದ್ದಕ್ಕಿಂತ ಕೆಲವೊಮ್ಮೆ ಹೆಚ್ಚು. ಫಾಸ್ಟ್ಯಾಗ್ ಖಾತೆ ಮುಚ್ಚಿಸಿ, ಸ್ಟಿಕ್ಕರ್ ಕಿತ್ತುಹಾಕಿ. ಇಲ್ಲವಾದರೆ ಕೊಂಡವರ ತಿರುಪತಿ ಯಾತ್ರೆಯ ಟೋಲು ನಿಮ್ಮ ಖಾತೆಯಿಂದ.

ಕೊನೆಗೆ ನಮ್ಮ ಗಾಡಿ ಹೋದದ್ದು ನಂಜನಗೂಡಿನ ಕಡೆಯ ಒಂದು ಮನೆಗೆ. ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಪಾಠ ಹೇಳುವವರು; ಅವರ ಸ್ಕೂಟರಿನ ರಿಪೇರಿ ಅದೇ ಗ್ಯಾರೇಜಿನ ಪಕ್ಕದಲ್ಲಿ. ಮೆಕ್ಯಾನಿಕ್ ಹೇಳಿ ಕಳಿಸಿದ್ದರು. ಆಕೆ ಫೈಲನ್ನು ಮೊದಲ ಹಾಳೆಯಿಂದ ತಿರುವಿದರು, ಅರ್ಧ ಗಂಟೆ ಬಿಡಲಿಲ್ಲ. ಸಸ್ಪೆನ್ಷನ್ ಬುಷ್ ಎರಡು ಸಲ ಬದಲಾಗಿದೆ ಯಾಕೆ ಎಂದು ಕೇಳಿದರು. ‘ಮೊದಲನೇ ಸಲ ಹಾಕಿದ್ದು ಕಂಪನಿ ಮಾಲಲ್ಲ, ವರ್ಷ ಬರಲಿಲ್ಲಮ್ಮ’ ಎಂದರು ಅಪ್ಪ. ಆ್ಯಪ್ ಕೊನೆಗೆ ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟರು, ಅಪ್ಪ ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಕಡಿಮೆ. ಮೂವರೂ ಕೂಡಿ ಟ್ರಾನ್ಸ್‌ಫರ್ ಅರ್ಜಿ ಹಾಕಿದರು. ಆರ್‌ಟಿಒ ಖರ್ಚು ಅವರದು, ಎಮಿಷನ್ನಿನದು ನಮ್ಮದು. ಮೆಕ್ಯಾನಿಕ್‌ಗೆ ಎರಡೂ ಕಡೆಯಿಂದ ಒಂದಿಷ್ಟು ಕೊಟ್ಟೆವು. ಪೋರ್ಟಲಿನಲ್ಲಿ ಹೆಸರು ಬದಲಾಗಿದೆಯೇ ಎಂದು ಅಪ್ಪ ಬೆಳಗ್ಗೆ ಸಂಜೆ ನೋಡುತ್ತಿದ್ದರು. ಆದ ದಿನ ಅದರ ಪ್ರಿಂಟ್ ತೆಗೆಸಿ ಡೆಲಿವರಿ ನೋಟಿನ ಜೊತೆ ಇಟ್ಟರು.

‘ಇನ್ನು ಅವರಿಗೆ ಫೋನ್ ಮಾಡಿ ಗಾಡಿ ಹೇಗಿದೆ ಅಂತ ಕೇಳ್ಬೇಡಿ’ ಎಂದು ಅಮ್ಮ ತಾಕೀತು ಮಾಡಿದ್ದರು. ಫೋನ್ ಮಾಡಿದ್ದು ಕೊಂಡವರೇ. ‘ಅಂಕಲ್, ಎಸಿ ಹಾಕಿದ್ರೆ ಬೆಟ್ಟ ಹತ್ತುವಾಗ ಎಳೆಯೋದೇ ಇಲ್ವಲ್ಲ, ಮೊದಲಿಂದಲೂ ಹಿಂಗೇನಾ?’ ಒಂದು ಲೀಟರಿನ ಎಂಜಿನ್ನು, ನಾಲ್ಕು ಜನ ಕೂತರೆ ಅದು ಅಷ್ಟೇ, ಎರಡನೇ ಗೇರಿಗೆ ಹಾಕಿ ಎಸಿ ಆಫ್ ಮಾಡಿ ಎಂದು ಹೇಳಿದರೆ ಸಾಕಿತ್ತು. ಅಪ್ಪ ಅಲ್ಲಿಂದ ಟೈರಿನ ಗಾಳಿಗೆ ಹೋದರು, ಗಾಳಿಯಿಂದ ಯಾವ ಬಂಕಿನ ಪೆಟ್ರೋಲು ಒಳ್ಳೆಯದು ಎಂಬಲ್ಲಿಗೆ. ಅಮ್ಮ ಅಡುಗೆಮನೆಯಿಂದ ಎರಡು ಸಲ ಕೂಗಿದ ಮೇಲೆಯೇ ಫೋನ್ ಇಟ್ಟದ್ದು.